ಟೋಕನ್ ಇಲ್ಲದೆ ದೋಸೆ ಸಿಗಲ್ಲ ಕಣೇ

ಹನುಮಂತನಗರ, ಬೆಂಗಳೂರು

ಪುಟ್ಟಿ,

ಚಟ್ನಿಪುಡಿ ಡಬ್ಬದ ಜೊತೆಗೇ ಈ ಪತ್ರ ಇಟ್ಟಿದ್ದೇನೆ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಾನು ಎರಡು ಮಾತು ಆಡುವಷ್ಟರಲ್ಲಿ ನೀನು 'ಅಮ್ಮ, ಸ್ಕ್ರೀನ್ ಶೇರ್ ಮಾಡು' ಅಂತೀಯ. ಈ ಸಲ ಪೂರ್ತಿ ಕೇಳಿಸಿಕೋ.

ನೀನು ಹಬ್ಬ ಮುಗಿಸಿ ಪುಣೆ ಬಸ್ಸು ಹತ್ತಿದ್ದು ಭಾನುವಾರ. ಸೋಮವಾರ ಬೆಳಗ್ಗೆ ಪುಡಿ ಆರ್ಡರ್ ನೋಡೋಣ ಅಂತ ಲ್ಯಾಪ್‌ಟಾಪಿನಲ್ಲಿ ನಮ್ಮ ವೆಬ್‌ಮೇಲ್ ತೆರೆದೆ. ಹೆಸರು ಹಾಕಿದೆ, ಪಾಸ್‌ವರ್ಡ್ ಹಾಕಿದೆ, ಲಾಗಿನ್ ಒತ್ತಿದೆ. ಪುಟ ಒಂದು ಕ್ಷಣ ಬೆಳ್ಳಗಾಯಿತು. ಮತ್ತೆ ಅದೇ ಲಾಗಿನ್ ಪುಟ. ಪಾಸ್‌ವರ್ಡ್ ತಪ್ಪು ಅಂತಲೂ ಹೇಳಲ್ಲ, ಒಳಗೂ ಬಿಡಲ್ಲ. ಹತ್ತು ಸಲ ಒತ್ತಿರಬೇಕು. ಕಡಲೆಕಾಯಿ ಪರಿಷೆ ಹತ್ತಿರ ಬಂತು, ಶೇಂಗಾ ಪುಡಿ ಕೇಳುವವರು ಜಾಸ್ತಿ ಇರುವ ಹೊತ್ತು. ನನಗೆ ಕೈಕಾಲೇ ಆಡಲಿಲ್ಲ.

ಮೇಲ್ ಕೊಟ್ಟ ಕಂಪನಿಗೆ ಫೋನ್ ಮಾಡಿದೆ. ಆ ಹುಡುಗ 'ನಮ್ಮ ಕಡೆ ಎಲ್ಲ ಸರಿ ಇದೆ ಮೇಡಂ, ಬ್ರೌಸರ್ ಕ್ಲಿಯರ್ ಮಾಡಿ' ಅಂದ. ಅವನ ಮಾತು ಕೇಳಿ ಎಲ್ಲ ಅಳಿಸಿದೆ. ಹಿಸ್ಟರಿಯೂ ಹೋಯಿತು, ಲಾಗಿನ್ ಪುಟ ಮಾತ್ರ ಹಾಗೇ ನಿಂತಿತ್ತು.

ಆದರೆ ನಾನು 28 ವರ್ಷ ಬ್ಯಾಂಕಿನ ಕ್ಯಾಷ್ ಕೌಂಟರಿನಲ್ಲಿ ಕೂತವಳು. ಟ್ಯಾಲಿ ಆಗದೆ ಎದ್ದವಳಲ್ಲ. ಅಪ್ಪನ ಫೋನಿನಲ್ಲಿ ಅದೇ ಪಾಸ್‌ವರ್ಡ್ ಹಾಕಿದೆ, ಮೇಲ್ ತೆರೆಯಿತು. ಅಂದರೆ ಪಾಸ್‌ವರ್ಡ್ ಸರಿ, ಕಂಪನಿಯ ಹುಡುಗ ಹೇಳಿದ್ದೂ ಸರಿ. ಲ್ಯಾಪ್‌ಟಾಪಿನಲ್ಲೇ ಫೈರ್‌ಫಾಕ್ಸ್ ಅನ್ನುವ ಇನ್ನೊಂದು ಬ್ರೌಸರ್‌ನಿಂದ ನೋಡಿದೆ, ಅಲ್ಲೂ ತೆರೆಯಿತು. ಹಾಗಾದರೆ ನೆಟ್ಟೂ ಸರಿ, ಲ್ಯಾಪ್‌ಟಾಪೂ ಸರಿ. ಉಳಿದದ್ದು ನಾನು ಬೆಳಗ್ಗಿಂದ ಒದ್ದಾಡುತ್ತಿದ್ದ ಕ್ರೋಮ್ ಬ್ರೌಸರ್ ಒಂದೇ. ಅದರ ಇನ್‌ಕಾಗ್ನಿಟೋ (ಹಿಸ್ಟರಿ ಉಳಿಸದ) ಕಿಟಕಿಯಲ್ಲಿ ಹಾಕಿದರೆ ಅಲ್ಲೂ ಇದೇ ಕತೆ. ನಾವು ಬೇಕಂತ ಬಿಡದಿದ್ದರೆ ಎಕ್ಸ್‌ಟೆನ್ಶನ್‌ಗಳು, ಅಂದರೆ ಬ್ರೌಸರ್‌ಗೆ ಮೇಲಿಂದ ಸೇರಿಸಿದ ಸಣ್ಣ ಪ್ರೋಗ್ರಾಂಗಳು, ಆ ಕಿಟಕಿಯೊಳಗೆ ಬರಲ್ಲ. ಆದ್ದರಿಂದ ನೀನು ಹಾಕಿಕೊಟ್ಟ ಜಾಹೀರಾತು ತಡೆಯುವುದರ ಮೇಲಿನ ಅನುಮಾನವೂ ಹೋಯಿತು. (ಅದನ್ನು ಬೈದುಕೊಂಡಿದ್ದೆ, ಪಾಪ.)

ಆಮೇಲೆ ಒಂದು ವಿಷಯ ಕಣ್ಣಿಗೆ ಬಿತ್ತು. ಲಾಗಿನ್ ಒತ್ತಿದ ತಕ್ಷಣ ಪುಟದ ಮೂಲೆಯಲ್ಲಿ ಏನೋ ಒಂದು ಸಾಲು ಬಂದು ಮಾಯವಾಗುತ್ತಿತ್ತು. ಕನ್ನಡಕ ಸರಿ ಮಾಡಿಕೊಳ್ಳುವಷ್ಟರಲ್ಲಿ ಇರುತ್ತಿರಲಿಲ್ಲ. ಅಪ್ಪನಿಗೆ ಫೋನ್ ಹಿಡಿದು ವಿಡಿಯೋ ಮಾಡಿ ಅಂದೆ. ಅವರು ಮೊದಲ ಸಲ ಇಡೀ ನನ್ನ ಮುಖವನ್ನೇ ತೆಗೆದರು. ಎರಡನೇ ಸಲ ಸಿಕ್ಕಿತು. ವಿಡಿಯೋ ನಿಲ್ಲಿಸಿ, ಬೆರಳಲ್ಲಿ ಹಿಗ್ಗಿಸಿ ಓದಿದೆ. ನಿಮ್ಮ ಬ್ರೌಸರ್ ಕುಕೀ ತೆಗೆದುಕೊಳ್ಳುತ್ತಿಲ್ಲ ಅಂತ ಇಂಗ್ಲಿಷಿನಲ್ಲಿ ಇತ್ತು.

ಆಗ ನೆನಪಾಯಿತು ನೋಡು. ಶನಿವಾರ ರಾತ್ರಿ ನಾನೇ ನಿನ್ನ ಹತ್ತಿರ ಗೊಣಗಿದ್ದೆ. ಒಂದು ದಿನ ಮಿಕ್ಸಿ ಜಾರ್ ಹುಡುಕಿದ್ದಕ್ಕೆ ಎಲ್ಲಿ ಹೋದರೂ ಮಿಕ್ಸಿ ಜಾಹೀರಾತು ಬರುತ್ತೆ, ಪಂಚಾಂಗ ನೋಡಿದರೂ ಮಿಕ್ಸಿ ಅಂತ. ನೀನು 'ಕೊಡಿಲ್ಲಿ' ಅಂತ ಲ್ಯಾಪ್‌ಟಾಪ್ ಎಳೆದುಕೊಂಡು ಏನೋ ಟಕಟಕ ಮಾಡಿ ಮಲಗಿದೆ. ಆಮೇಲಿಂದ ಯೂಟ್ಯೂಬಿನಲ್ಲಿ ನನ್ನ ಹೆಸರು ಕಾಣುತ್ತಿರಲಿಲ್ಲ. ಅದನ್ನು ನೋಡಿಯೂ ನನಗೆ ಹೊಳೆಯಲಿಲ್ಲ.

ನೀನು ಓದಿದವಳು, ನಿನಗೆ ಗೊತ್ತಿರುತ್ತೆ. ಆದರೂ ನನಗೆ ಅರ್ಥವಾದ ರೀತಿ ಹೇಳುತ್ತೇನೆ. ದರ್ಶಿನಿಯಲ್ಲಿ ಕ್ಯಾಷಿನವನಿಗೆ ದುಡ್ಡು ಕೊಟ್ಟರೆ ಟೋಕನ್ ಕೊಡುತ್ತಾನೆ. ದೋಸೆ ಕೌಂಟರಿನವನು ನಿನ್ನ ಮುಖ ನೋಡಲ್ಲ, ಟೋಕನ್ ನೋಡುತ್ತಾನೆ. ವೆಬ್‌ಸೈಟೂ ಹಾಗೇ. ಅದಕ್ಕೆ ನೆನಪು ಅನ್ನುವುದೇ ಇಲ್ಲ, ಪ್ರತಿ ಪುಟಕ್ಕೂ ನಾವು ಹೊಸಬರೇ. ಲಾಗಿನ್ ಆದಾಗ ಅದು ಕೊಡುವ ಟೋಕನ್ನೇ ಕುಕೀ. ನೀನು ಮಾಡಿಟ್ಟ ಸೆಟ್ಟಿಂಗ್‌ಗೆ ನನ್ನ ಕ್ರೋಮ್ ಆ ಟೋಕನ್ನನ್ನು ಈಸಿಕೊಳ್ಳುತ್ತಲೇ ಇರಲಿಲ್ಲ. ಬರಿಗೈಲಿ ದೋಸೆ ಕೌಂಟರಿಗೆ ಹೋಗುವುದು, ಅವನು ಮತ್ತೆ ಕ್ಯಾಷಿಗೆ ಕಳಿಸುವುದು. ನಾನು ಬೆಳಗ್ಗಿಂದ ಮಾಡಿದ್ದು ಇದನ್ನೇ, ಅಲ್ವಾ?

ಈ ಕುಕೀಯನ್ನು 1994ರಲ್ಲಿ ಬ್ರೌಸರ್ ಮಾಡುತ್ತಿದ್ದ ನೆಟ್‌ಸ್ಕೇಪ್ ಕಂಪನಿಯ ಲೂ ಮೊಂಟುಲಿ ಅನ್ನುವವನು ಮಾಡಿದ್ದಂತೆ. ಆನ್‌ಲೈನ್ ಅಂಗಡಿಯಲ್ಲಿ ಗಿರಾಕಿ ಬುಟ್ಟಿಗೆ ಏನೇನು ಹಾಕಿದ ಅನ್ನುವ ಲೆಕ್ಕ ಗಿರಾಕಿಯ ಕಂಪ್ಯೂಟರಿನಲ್ಲೇ ಇರಲಿ ಅಂತ. ಅಂಗಡಿಯವಳಾಗಿ ನನಗೆ ಅವನ ಮೇಲೆ ಸಿಟ್ಟಿಲ್ಲ. ಸಿಟ್ಟು ಬರುವುದು ಇನ್ನೊಂದು ಜಾತಿಯ ಕುಕೀ ಮೇಲೆ. ನಾವು ಹೋಗಿದ್ದು ಒಬ್ಬರ ಸೈಟಿಗೆ, ಆ ಪುಟದಲ್ಲಿ ಜಾಗ ಹಿಡಿದ ಜಾಹೀರಾತಿನವನು ತನ್ನದೂ ಒಂದು ಚೀಟಿ ನಮ್ಮ ಚೀಲಕ್ಕೆ ಹಾಕುತ್ತಾನೆ. ಮುಂದಿನ ಸೈಟಿನಲ್ಲೂ ಅವನೇ ಇರುತ್ತಾನೆ, ಚೀಟಿ ನೋಡಿ 'ಓ, ಮಿಕ್ಸಿ ಅಮ್ಮ ಬಂದರು' ಅಂತಾನೆ. ಥರ್ಡ್ ಪಾರ್ಟಿ ಕುಕೀ ಅಂದರೆ ಅದು. ಆ್ಯಪಲ್‌ನ ಸಫಾರಿ ಬ್ರೌಸರ್ 2020ರಿಂದಲೇ ಅದನ್ನು ತಾನಾಗಿ ತಡೆಯುತ್ತೆ. ಕ್ರೋಮಿನವರು ತೆಗೆಯುತ್ತೇವೆ ತೆಗೆಯುತ್ತೇವೆ ಅಂತ ವರ್ಷಗಟ್ಟಲೆ ಹೇಳಿ, 2024ರಲ್ಲಿ ಆ ಯೋಚನೆ ಕೈಬಿಟ್ಟರು. ನೀನು ತಡೆಯಬೇಕಿದ್ದದ್ದು ಅದೊಂದನ್ನು. ತಡೆದದ್ದು ಎಲ್ಲವನ್ನೂ. ಸೊಳ್ಳೆ ಬರುತ್ತೆ ಅಂತ ಬಾಗಿಲಿಗೆ ಗೋಡೆ ಕಟ್ಟಿದ ಹಾಗೆ.

ಸೆಟ್ಟಿಂಗ್ಸ್‌ನಲ್ಲಿ ಪ್ರೈವಸಿ ಅನ್ನುವ ಕಡೆ ಹೋಗಿ, ಸೈಟುಗಳು ತಮ್ಮ ಡೇಟಾ ಇಟ್ಟುಕೊಳ್ಳಬಹುದು ಅಂತ ಬದಲಾಯಿಸಿದೆ. ಥರ್ಡ್ ಪಾರ್ಟಿಯನ್ನು ಮಾತ್ರ ಬಂದ್ ಮಾಡಿದೆ. ಲಾಗಿನ್ ಒತ್ತಿದೆ. ಇನ್‌ಬಾಕ್ಸ್! ಅಪ್ಪ ಚಪ್ಪಾಳೆ ಹೊಡೆದರು, ನಿಜವಾಗಲೂ.

ಮತ್ತೆ ಎಲ್ಲಾದರೂ ಒಂದು ಸೈಟು ಕೆಟ್ಟರೆ, ಇನ್ನು ಮೇಲೆ ಎಲ್ಲ ಅಳಿಸಲ್ಲ. ವಿಳಾಸದ ಎಡಗಡೆ ಇರುವ ಗುರುತು ಒತ್ತಿದರೆ ಆ ಸೈಟಿನದ್ದಷ್ಟೇ ಅಳಿಸಬಹುದು. ಇದನ್ನು ಆ ಹುಡುಗ ಮೊದಲೇ ಹೇಳಬಾರದಿತ್ತಾ?

ಮಿಕ್ಸಿ ಈಗಲೂ ಒಂದೊಂದು ಸಲ ಬರುತ್ತೆ. ಬರಲಿ ಬಿಡು, ಹಳೇ ಜಾರ್ ಸೋರುತ್ತಿರುವುದೂ ನಿಜ.

ಪುಡಿಗೆ ಈ ಸಲ ಬ್ಯಾಡಗಿ ಮೆಣಸಿನಕಾಯಿ ಹಾಕಿದ್ದೇನೆ, ಖಾರ ಕಮ್ಮಿ. ಡಬ್ಬ ತೊಳೆದು ವಾಪಸ್ ತಾ, ಕಳೆದ ಸಲದ್ದು ಎರಡು ಇನ್ನೂ ಬಂದಿಲ್ಲ. ಹಾಂ, ಅಪ್ಪನ ಫೋನಿನಲ್ಲೂ ಏನಾದರೂ ಬದಲಾಯಿಸಿದ್ದೀಯಾ? ಬೆಳಗ್ಗಿಂದ ಕ್ರಿಕೆಟ್ ಸ್ಕೋರ್ ಬರುತ್ತಿಲ್ಲ ಅಂತ ಮುಖ ಊದಿಸಿಕೊಂಡು ಕೂತಿದ್ದಾರೆ.

ನಿನ್ನ
ಅಮ್ಮ