ಗಳಿಕೆ ಸ್ಥಳೀಯ ಹಣದಲ್ಲಿ, ಖರ್ಚು ಡಾಲರ್‌ನಲ್ಲಿ
ಗುಂಪಿನವರ ಗಮನಕ್ಕೆ: ಆರ್ಥಿಕತೆ ಕುಸಿದ ದೇಶದಲ್ಲಿ ವಿಮಾನಯಾನದ ಲೆಕ್ಕ ನೋಡುವಾಗ ಸೀಟು ತುಂಬಿದೆಯೇ ಎಂಬುದಕ್ಕಿಂತ ಮೊದಲು ಕರೆನ್ಸಿ ನೋಡಿ. ಟಿಕೆಟ್ ಮಾರುವುದು ಹೆಚ್ಚಾಗಿ ಸ್ಥಳೀಯ ಹಣದಲ್ಲಿ. ವಿಮಾನದ ಬಾಡಿಗೆ, ಎಂಜಿನ್ ರಿಪೇರಿ, ಬಿಡಿಭಾಗ, ವಿಮೆಗೆಲ್ಲ ಡಾಲರ್. ಹಣದ ಮೌಲ್ಯ ಅರ್ಧಕ್ಕಿಳಿದರೆ ಅದೇ ದರದಲ್ಲಿ ಎರಡು ಪಟ್ಟು ಟಿಕೆಟ್ ಮಾರಿದರಷ್ಟೇ ಅದೇ ಬಾಡಿಗೆ ಕಟ್ಟಲಾಗುವುದು.

ಡಾಲರ್ ಸಿಗದಿದ್ದರೆ ಬಿಡಿಭಾಗ ಬರುವುದಿಲ್ಲ. ಆಗ ನಿಂತ ವಿಮಾನದ ಪಂಪು, ವಾಲ್ವ್ ಬಿಚ್ಚಿ ಹಾರುವ ವಿಮಾನಕ್ಕೆ ಹಾಕುತ್ತಾರೆ. ಬಿಚ್ಚುವ-ಜೋಡಿಸುವ ಕೆಲಸ ಎರಡೆರಡು ಸಲ, ದಾಖಲೆಯೂ ಹಾಗೆಯೇ. ನಿಂತದ್ದು ನಿಂತೇ ಇರುತ್ತದೆ, ಅದರ ಬಾಡಿಗೆ ಮಾತ್ರ ನಿಲ್ಲದು!

ಇಂಧನದ ಕೊರತೆಗೆ ಹೊರದೇಶದಲ್ಲೇ ಹೆಚ್ಚು ತುಂಬಿಸಿ ತಂದರೆ, ಆ ಹೆಚ್ಚುವರಿಯಲ್ಲಿ ಗಂಟೆಗೆ ಸುಮಾರು ಶೇ. 3–4ರಷ್ಟು ಅದನ್ನು ಹೊರುವುದಕ್ಕೇ ಉರಿಯುತ್ತದೆ. ಭಾರದ ಮಿತಿಗಾಗಿ ಸರಕನ್ನೂ ಇಳಿಸಬೇಕಾದೀತು.