ಮಗಳಿಗೊಂದು ಪತ್ರ: ಬಹುಮಾನ ಕೊಡುವುದಿಲ್ಲ, ಪುಸ್ತಕ ಕೊಡುತ್ತೇನೆ

ಮುದ್ದು ಮಗಳೇ,

ಬೇಸಿಗೆ ರಜೆಗೆ ನೀನು ಮಾಡಿಕೊಂಡ ಓದಿನ ಪಟ್ಟಿ ನೋಡಿದೆ. ಮೂವತ್ತು ಪುಸ್ತಕ, ಪ್ರತಿಯೊಂದರ ಮುಂದೆ ಟಿಕ್ ಹಾಕಲು ಚೌಕ, ಕೆಳಗೆ ಕೆಂಪು ಶಾಯಿಯಲ್ಲಿ "ಎಲ್ಲ ಮುಗಿಸಿದರೆ ಅಮ್ಮ ಏನು ಕೊಡಿಸ್ತಾಳೆ?" ಎಂಬ ಪ್ರಶ್ನೆ. ಏನೂ ಕೊಡಿಸುವುದಿಲ್ಲ. ಮುಖ ಊದಿಸಿಕೊಳ್ಳಬೇಡ, ಇದು ಜಿಪುಣತನವಲ್ಲ. ಕಾರಣ ಕೇಳು.

1973ರಲ್ಲಿ ಲೆಪ್ಪರ್, ಗ್ರೀನ್, ನಿಸ್ಬೆಟ್ ಎಂಬ ಮೂವರು ಮನಶ್ಶಾಸ್ತ್ರಜ್ಞರು ಶಿಶುವಿಹಾರದ ಮಕ್ಕಳ ಜೊತೆ ಒಂದು ಪ್ರಯೋಗ ಮಾಡಿದರು. ಮೊದಲೇ ಚಿತ್ರ ಬಿಡಿಸುವುದೆಂದರೆ ಪ್ರಾಣ ಎನ್ನುವ ಮಕ್ಕಳನ್ನೇ ಆರಿಸಿಕೊಂಡಿದ್ದರು. ಕೆಲವರಿಗೆ "ಚಿತ್ರ ಬಿಡಿಸಿದರೆ ಪ್ರಮಾಣಪತ್ರ ಕೊಡುತ್ತೇವೆ" ಎಂದು ಮುಂಚೆಯೇ ಹೇಳಿದರು. ಕೆಲವರಿಗೆ ಹೇಳದೆ ಕೊಟ್ಟರು. ಉಳಿದವರಿಗೆ ಏನೂ ಇಲ್ಲ. ಒಂದೆರಡು ವಾರ ಕಳೆದ ಮೇಲೆ, ಯಾರ ಒತ್ತಾಯವೂ ಇಲ್ಲದ ಆಟದ ಹೊತ್ತಿನಲ್ಲಿ, ಬಹುಮಾನದ ಆಸೆಗೆ ಬಿಡಿಸಿದ್ದ ಮಕ್ಕಳು ಮಿಕ್ಕವರ ಅರ್ಧದಷ್ಟು ಹೊತ್ತು ಮಾತ್ರ ಪೆನ್ನು ಹಿಡಿದರಂತೆ. ಇಷ್ಟದ ಆಟ ಕೂಲಿ ಕೆಲಸವಾಗಿಬಿಟ್ಟಿತ್ತು. ಅನಿರೀಕ್ಷಿತವಾಗಿ ಪಡೆದವರಿಗೆ ಏನೂ ಆಗಿರಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಹಾಗಾಗಿ ಈ ರಜೆಯಲ್ಲಿ ನಾನು ನಿನಗೇನಾದರೂ ತಂದರೆ ಅದಕ್ಕೂ ನಿನ್ನ ಚೌಕಗಳಿಗೂ ಯಾವ ಸಂಬಂಧವೂ ಇಲ್ಲ ಎಂದು ತಿಳಿ.

ಇನ್ನು ಆ ಮೂವತ್ತು. ಲೆಕ್ಕ ಹಾಕಿದ್ದೀಯಾ? ದೊಡ್ಡವರು ಮನಸ್ಸಿನಲ್ಲೇ ಇಂಗ್ಲಿಷ್ ಕಥೆ ಓದುವ ಸರಾಸರಿ ವೇಗ ನಿಮಿಷಕ್ಕೆ ಸುಮಾರು 260 ಪದ. ಕನ್ನಡದ ಪದಗಳು ಪ್ರತ್ಯಯಗಳನ್ನು ಹೊತ್ತು ಉದ್ದವಾಗುವುದರಿಂದ ಇಲ್ಲಿ ಎಣಿಕೆ ಇನ್ನೂ ಕಡಿಮೆಯೇ. ಇಂಗ್ಲಿಷಿನ ಲೆಕ್ಕವನ್ನೇ ಹಿಡಿದರೂ 60,000 ಪದಗಳ ಒಂದು ಕಾದಂಬರಿಗೆ ನಾಲ್ಕು ಗಂಟೆ ಬೇಕು. ಮೂವತ್ತಕ್ಕೆ ನೂರಿಪ್ಪತ್ತು ಗಂಟೆ. ಎರಡು ತಿಂಗಳಿಗೆ ಹಂಚಿದರೆ ದಿನಕ್ಕೆ ಎರಡು ಗಂಟೆ, ಒಂದು ದಿನವೂ ತಪ್ಪುವಂತಿಲ್ಲ. ಇದು ರಜೆಯೋ, ಡ್ಯೂಟಿಯೋ?

ದೊಡ್ಡ ಸಂಖ್ಯೆಗೆ ಇನ್ನೊಂದು ಚಾಳಿ ಇದೆ. ಅದು ನಮ್ಮನ್ನು ತೆಳ್ಳಗಿನ ಪುಸ್ತಕಗಳ ಕಡೆಗೇ ತಳ್ಳುತ್ತದೆ. ನಾನೂರು ಪುಟದ್ದಕ್ಕೂ ಒಂದೇ ಟಿಕ್, ನಲವತ್ತು ಪುಟದ್ದಕ್ಕೂ ಒಂದೇ ಟಿಕ್ ಎಂದಾದರೆ ದಪ್ಪ ಪುಸ್ತಕವನ್ನು ಕೈಗೆತ್ತಿಕೊಳ್ಳುವವರು ಯಾರು? ಬ್ರಿಟನ್ನಿನ ಲೈಬ್ರರಿಗಳು 1999ರಿಂದ ಮಕ್ಕಳಿಗಾಗಿ ಬೇಸಿಗೆ ಓದಿನ ಸವಾಲು ನಡೆಸುತ್ತಿವೆ. ಅಲ್ಲಿ ಇಡೀ ಬೇಸಿಗೆಗೆ ಆರು ಪುಸ್ತಕ, ಅದೂ ಮಗುವೇ ಆರಿಸಿಕೊಂಡದ್ದು. ಅಲ್ಲೂ ಸ್ಟಿಕ್ಕರು, ಪ್ರಮಾಣಪತ್ರ ಎಲ್ಲ ಉಂಟು, ಆ ಭಾಗ ನನಗೆ ಹಿಡಿಸುವುದಿಲ್ಲ. ಆರು ಎಂಬ ಸಂಖ್ಯೆ ಮಾತ್ರ ಬಹಳ ಹಿಡಿಸಿತು. ಆರು ಎಂದರೆ ಹಾದಿ ತಪ್ಪಿ ಏಳನೆಯದಕ್ಕೆ ಹೋಗುವಷ್ಟು ಬಿಡುವು ಉಳಿಯುತ್ತದೆ.

ಬೇಡವೆನಿಸಿದ ಪುಸ್ತಕವನ್ನು ಅರ್ಧಕ್ಕೆ ಬಿಡುವುದನ್ನಂತೂ ನೀನು ಕಲಿಯಲೇಬೇಕು. ಶುರು ಮಾಡಿದ್ದನ್ನು ಮುಗಿಸಬೇಕು ಎಂದು ಶಾಲೆಯಲ್ಲಿ ಹೇಳಿಕೊಟ್ಟಿರುತ್ತಾರೆ. ಹೋಮ್‌ವರ್ಕಿಗೆ ಅದು ಸರಿ, ಕಥೆಪುಸ್ತಕಕ್ಕಲ್ಲ. ಅಮೆರಿಕದ ಲೈಬ್ರೇರಿಯನ್ ನ್ಯಾನ್ಸಿ ಪರ್ಲ್ ಇದಕ್ಕೊಂದು ಲೆಕ್ಕ ಕೊಟ್ಟಿದ್ದಾರೆ. ಐವತ್ತು ಪುಟ ಓದು, ಹಿಡಿಸದಿದ್ದರೆ ಕೆಳಗಿಡು. ಐವತ್ತು ವಯಸ್ಸು ದಾಟಿದವರು ನೂರರಿಂದ ತಮ್ಮ ವಯಸ್ಸನ್ನು ಕಳೆದು, ಉಳಿದಷ್ಟು ಪುಟ ಓದಿದರೆ ಸಾಕು. ನೂರು ತುಂಬಿದವರು ಮುಖಪುಟ ನೋಡಿಯೇ ತೀರ್ಮಾನ ಕೊಡಬಹುದಂತೆ! ನೀನು ಬಿಟ್ಟೆ ಎಂದು ಆ ಪುಸ್ತಕವೇನೂ ಅನಾಥವಾಗುವುದಿಲ್ಲ. ನಮ್ಮ ದೇಶದ ಗ್ರಂಥಾಲಯ ತಜ್ಞ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಬರೆದ ಗ್ರಂಥಾಲಯದ ಐದು ಸೂತ್ರಗಳಲ್ಲಿ ಮೂರನೆಯದು, ಪ್ರತಿ ಪುಸ್ತಕಕ್ಕೂ ಅದರ ಓದುಗ ಇದ್ದೇ ಇದ್ದಾನೆ ಎಂಬುದು. ಅವನಿಗಾಗಿ ಅದನ್ನು ಕಪಾಟಿಗೆ ವಾಪಸ್ ಇಟ್ಟುಬಿಡು.

ಹಳೆಯ ಪುಸ್ತಕವನ್ನೇ ಮತ್ತೆ ಓದಿದರೆ ಲೆಕ್ಕಕ್ಕೆ ಬರುತ್ತದೆಯೇ ಎಂದು ಕೇಳಿದ್ದೆಯಲ್ಲ, ಧಾರಾಳವಾಗಿ ಬರುತ್ತದೆ. ಕಥೆ ಏನಾಗುತ್ತದೋ ಎಂಬ ಅವಸರ ಎರಡನೆಯ ಸಲ ಇರುವುದಿಲ್ಲ, ಆಗಲೇ ಬರೆದವರ ಕೈಚಳಕ ಕಣ್ಣಿಗೆ ಬೀಳುವುದು. ಕಾಮಿಕ್ಸ್ ಸರಿ, ಕೇಳುವ ಪುಸ್ತಕವೂ ಸರಿ. ಮಲಗಿಕೊಂಡು, ಮರದ ಕೆಳಗೆ ಕೂತು, ಹೇಗಾದರೂ ಓದು. ಒಂದು ದಿನ ಓದದಿದ್ದರೆ ಓದಲಿಲ್ಲ, ಅಷ್ಟೆ. ಮರುದಿನ ಬಡ್ಡಿ ಸೇರಿಸಿ ತೀರಿಸಲು ಹೋಗಬೇಡ.

ಚೌಕಗಳ ಬದಲು ಒಂದು ಚಿಕ್ಕ ನೋಟ್‌ಬುಕ್ ಇಟ್ಟುಕೋ. ಕಥಾಸಾರ ಬರೆಯಬೇಡ, ಅದು ಶಾಲೆಯ ವಾಸನೆ. ಶುರು ಮಾಡಿದ ತಾರೀಖು, ಬಿಟ್ಟಿದ್ದರೆ ಯಾವ ಪುಟದಲ್ಲಿ ಬಿಟ್ಟೆ, ಮನಸ್ಸಿಗೆ ಅಂಟಿದ ಒಂದು ವಾಕ್ಯ, ಇಷ್ಟು ಸಾಕು. ಬಿಟ್ಟ ಪುಟಗಳ ಲೆಕ್ಕ ಮುಂದೆ ನಿನ್ನ ರುಚಿಯ ಬಗ್ಗೆ ಬಹಳ ಹೇಳುತ್ತದೆ. ಆ ನೋಟ್‌ಬುಕ್ ನಾನು ತೆರೆದು ನೋಡುವುದಿಲ್ಲ. ನೀನಾಗಿ ಓದಿ ಹೇಳಿದರೆ ಮಾತ್ರ ಕೇಳುತ್ತೇನೆ.

ನಾನೂ ಸೇರಿಕೊಳ್ಳುತ್ತಿದ್ದೇನೆ. ನಿನಗೊಂದು ಪುಸ್ತಕ ನಾನು ಆರಿಸಿ ಕೊಡುತ್ತೇನೆ, ನನಗೊಂದು ನೀನು ಆರಿಸಬೇಕು. ದೆವ್ವದ ಕಥೆಯಾದರೂ ಪರವಾಗಿಲ್ಲ. ನನಗೀಗ 52, ಪರ್ಲ್ ಲೆಕ್ಕದಲ್ಲಿ 48 ಪುಟ. ಅಲ್ಲಿಯವರೆಗೆ ಓದಿಯೇ ಓದುತ್ತೇನೆ, ಮಾತು ಕೊಟ್ಟೆ. ಆಮೇಲೆ ನನ್ನನ್ನು ಹಿಡಿದಿಟ್ಟುಕೊಳ್ಳುವುದು ನಿನ್ನ ದೆವ್ವಕ್ಕೆ ಬಿಟ್ಟದ್ದು.

ನಿನ್ನ
ಅಮ್ಮ