ಮತ್ತೆ ಮದ್ದಳೆಗೆ ಕೂತೆ

ಕಳೆದ ವಾರದ ಯಕ್ಷಗಾನ ಆಟದಲ್ಲಿ ಮತ್ತೆ ಮದ್ದಳೆಗೆ ಕೂತೆ. ಬಲಗೈಯ ನಡುಬೆರಳು ಹೇಳಿದ ಮಾತು ಕೇಳಿತು. ಏನಾಗಿತ್ತು ಅಂತ ನಿಮಗೆ ಗೊತ್ತೇ ಇದೆ. ಬೆರಳು ಮಡಚಿದಾಗಲೆಲ್ಲ ಗೆಣ್ಣಿನ ಮೇಲಿನ ಟೆಂಡನ್ (ಬೆರಳನ್ನು ಎತ್ತುವ ಹುರಿ) ಟಕ್ ಅಂತ ಕಿರುಬೆರಳ ಕಡೆ ಜಾರುವುದನ್ನು ಚೌಕಿಯಲ್ಲಿ (ವೇಷ ಕಟ್ಟುವ ಜಾಗದಲ್ಲಿ) ಎಲ್ಲರೂ ನೋಡಿದ್ದೀರಿ.

ಡಾಕ್ಟರಿಗೆ ಮೊದಲ ನಮಸ್ಕಾರ. ಕೈಗಷ್ಟೇ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಟೆಂಡನ್ನನ್ನು ಗೆಣ್ಣಿನ ನಡುವೆ ಹಿಡಿದಿಡುವ, ಹರಿದಿದ್ದ ಪಟ್ಟಿಯನ್ನು ಹೊಲಿದು, ಟೇಬಲ್ ಮೇಲೆಯೇ 'ಮಡಚಿ, ಬಿಡಿಸಿ' ಅಂದರು. ಟೆಂಡನ್ ನಡುವೆಯೇ ನಿಂತಿತು ಅಂತ ಖಾತ್ರಿಯಾದ ಮೇಲೆಯೇ ಚರ್ಮ ಮುಚ್ಚಿದ್ದು.

ಆದರೆ ಇದನ್ನು ಬರೆಯಲು ಕೂತದ್ದು ನಮ್ಮ ಚೆಂಡೆಯಣ್ಣನಿಗಾಗಿ.

ಆ ರಾತ್ರಿ ಇಂಜೆಕ್ಷನ್ ಇಳಿದ ಹಾಗೆ ನೋವು ಏರಿತು. ಕೈ ಎದೆಗಿಂತ ಮೇಲಿರಬೇಕು, ಇಲ್ಲದಿದ್ದರೆ ಊದಿಕೊಳ್ಳುತ್ತದೆ ಅಂತ ನರ್ಸ್ ಹೇಳಿ ಹೋಗಿದ್ದರು. ಕಣ್ಣು ಮುಚ್ಚಿದರೆ ಸಾಕು, ಕೈ ದಿಂಬಿನಿಂದ ಜಾರುತ್ತಿತ್ತು. ಅಣ್ಣ ಸ್ಟೂಲ್ ಎಳೆದುಕೊಂಡು ನನ್ನ ಮೊಣಕೈ ಹಿಡಿದೇ ಕೂತರು. "ನೀನು ಮಲಗು ಮಾರಾಯ, ನನಗೆ ಹೇಗೂ ಬೆಳಗಾಗದೆ ನಿದ್ದೆ ಬರುವುದಿಲ್ಲ" ಅಂದರು. ಆಟದವರಿಗೆ ಅದು ನಿಜವೇ ಅಲ್ವಾ?

ನಡುರಾತ್ರಿ ಕಳೆದ ಮೇಲೆ ಅತ್ತುಬಿಟ್ಟೆ. ನೋವಿಗಲ್ಲ. ಈ ಬೆರಳು ಬರದಿದ್ದರೆ ನನಗೆ ಬೇರೆ ಯಾವ ಕೆಲಸ ಗೊತ್ತು, ಮಗಳ ಫೀಸು ಯಾರು ಕಟ್ಟುತ್ತಾರೆ, ಬಾಯಿಗೆ ಬಂದದ್ದೆಲ್ಲ ಹೇಳಿದೆ. ಅವರು ಸಮಾಧಾನ ಮಾಡಲಿಲ್ಲ. 'ಎಲ್ಲ ಸರಿಹೋಗುತ್ತದೆ' ಅಂದಿದ್ದರೆ ನನಗೆ ಸಿಟ್ಟೇ ಬರುತ್ತಿತ್ತು. ಝಂಪೆ ತಾಳದ ಪದವೊಂದನ್ನು ಸಣ್ಣಗೆ ಹೇಳತೊಡಗಿದರು. "ಎಡಗೈ ಇದೆಯಲ್ಲ, ಹಾಕು." ಮಂಚದ ಕಂಬಿಯ ಮೇಲೆ ಹಾಕಿದೆ. ತಾಳ ತಪ್ಪಿದಾಗ ಬೈದರು ಕೂಡ! ಪಕ್ಕದ ಮಂಚದ ಅಜ್ಜ ಎದ್ದು, ಯಾವ ಮೇಳ ಅಂತ ಕೇಳಿದರು.

ನಡುಬೆರಳನ್ನು ಅಕ್ಕಪಕ್ಕದ ಬೆರಳಿಗಿಂತ ಮೇಲೆತ್ತಿ ಹಿಡಿಯುವ ಸ್ಪ್ಲಿಂಟ್ ಮಾಡಿಕೊಟ್ಟ ಫಿಸಿಯೋಥೆರಪಿ ಅಕ್ಕ, ಮಳೆಗಾಲದ ತಾಳಮದ್ದಳೆಗಳಲ್ಲಿ ನನ್ನ ಜಾಗಕ್ಕೆ ಕೂತ ಹುಡುಗರು, ಕೇಳದೆಯೇ ದುಡ್ಡು ಕಳಿಸಿದ ಭಾಗವತರು, ಅನ್ನ ಕಲಸಿ ಕೊಟ್ಟ ಹೆಂಡತಿ, ಎಲ್ಲರಿಗೂ ಕೈಮುಗಿಯುತ್ತೇನೆ. (ಹೆಂಡತಿಗೆ ಇಷ್ಟೇನಾ ಅನ್ನಬೇಡಿ. ಅವಳಿಗೆ ಹೇಳುವುದನ್ನು ಮನೆಯಲ್ಲಿ ಹೇಳಿದ್ದೇನೆ.)

ಜೊತೆಯ ಕಲಾವಿದರಿಗೆ ಒಂದು ಮಾತು. ಪೆಟ್ಟು ಬಿದ್ದ ಮೇಲೆ ಗೆಣ್ಣಿನಲ್ಲಿ ಹೀಗೆ ಜಾರಿದರೆ, ಉಳುಕು ಅಂತ ಸುಮ್ನೆ ಎಣ್ಣೆ ತಿಕ್ಕುತ್ತ ಕೂರಬೇಡಿ. ಮೊದಲ 2-3 ವಾರದೊಳಗೆ ತೋರಿಸಿದರೆ ಎಷ್ಟೋ ಜನರಿಗೆ ಸ್ಪ್ಲಿಂಟೇ ಸಾಕಾಗುತ್ತದೆ.

ಸದ್ಯಕ್ಕೆ ಆಟದ ಮೊದಲರ್ಧಕ್ಕೆ ಮಾತ್ರ ಕೂರುತ್ತಿದ್ದೇನೆ, ಆಮೇಲೆ ಹುಡುಗರು. ಡಾಕ್ಟರು ಹೂಂ ಅಂದರೆ ಮುಂದಿನ ತಿಂಗಳಿಂದ ಪೂರ್ತಿ.